ರಾಯರಿಗೆ ನಿದ್ದೆಯ ತೊಂದರೆಯೇ ಇಲ್ಲ

ನಾಗಪುರದ ಎ.ಜಿ. ಆಫೀಸಿನಲ್ಲಿ ಆಡಿಟ್ ಮಾಡಿ ನಿವೃತ್ತರಾದ ರಾಯರೊಬ್ಬರು ಆ ಊರಿನ ಯಾವ ಕನ್ನಡ ಕೂಟದಲ್ಲಾದರೂ ಸಿಕ್ಕಾರು. ಮುಂದಿನ ಸಾಲಿನಲ್ಲಿ ಕೂತು, ಸ್ವಾಗತ ಭಾಷಣಕ್ಕೇ ಕಣ್ಣು ಮುಚ್ಚಿ, ವಂದನಾರ್ಪಣೆಗೆ ಸರಿಯಾಗಿ ಚಪ್ಪಾಳೆ ತಟ್ಟುವವರು. “ನನಗೇನ್ರೀ ತೊಂದರೆ? ದಿಂಬಿಗೆ ತಲೆ ತಾಗಿದರೆ ಸಾಕು!”

ತಾಗಿದ ಮೇಲಿನ ಕಥೆಯನ್ನು ಮನೆಯವರನ್ನು ಕೇಳಬೇಕು. ಗೊರಕೆ ಏರುತ್ತಾ ಹೋಗಿ ಥಟ್ಟನೆ ನಿಲ್ಲುತ್ತದೆ. ಆಕೆ ಕತ್ತಲಲ್ಲೇ ಎಣಿಸುತ್ತಾರೆ: ಒಂದು, ಎರಡು... ಹದಿನೈದು. ಆಮೇಲೊಂದು ಗುಟುಕು ಸದ್ದು, ಮತ್ತೆ ಗೊರಕೆ. ಗಂಟಲಿನ ಸ್ನಾಯು ಸಡಿಲಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಹೀಗೆ 10 ಸೆಕೆಂಡಾದರೂ ಉಸಿರು ಕಟ್ಟುವುದು ಗಂಟೆಗೆ 5 ಸಲ ಮುಟ್ಟಿದರೆ ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಪ್ರತಿ ಸಲ ಮಿದುಳು ಅರೆಗಳಿಗೆ ಎಚ್ಚರಗೊಂಡು ಉಸಿರೆಳೆಸುತ್ತದೆ; ಬೆಳಿಗ್ಗೆ ರಾಯರಿಗೆ ಒಂದೂ ನೆನಪಿಲ್ಲ. ಕಾಯಿಲೆ ಒಬ್ಬರದು, ಸಾಕ್ಷಿ ಇನ್ನೊಬ್ಬರು. ಸಾಕ್ಷಿ ಹೆಂಡತಿಯಾದರೆ ಆಕ್ಷೇಪಣೆ ಮೊದಲೇ ತಯಾರು.

ಊರೂ ರಾಯರ ಪಕ್ಷವೇ. 45 ಡಿಗ್ರಿ ಮುಟ್ಟುವ ಬೇಸಿಗೆಯಲ್ಲಿ ಕಿಟಕಿಗೆ ಕೂರಿಸಿದ ಕೂಲರ್ ರಾತ್ರಿಯಿಡೀ ಭೋರ್ಗರೆಯುತ್ತದೆ, ಗೊರಕೆ ಅದರಲ್ಲಿ ಲೀನ. ಡಿಸೆಂಬರಿನಲ್ಲಿ ವಿಧಾನಮಂಡಲದ ಚಳಿಗಾಲದ ಅಧಿವೇಶನ ನಾಗಪುರಕ್ಕೆ ಬರುವ ಹೊತ್ತಿಗೆ ಕೂಲರ್ ಬಾಲ್ಕನಿಯ ಮೂಲೆ ಸೇರಿರುತ್ತದೆ. ಮನೆಯೊಳಗೂ ಪ್ರಶ್ನೋತ್ತರ ವೇಳೆ ಶುರು.

ರಾಯರ ಉತ್ತರಗಳು ಸಿದ್ಧ. ನಿದ್ದೆಯ ಡಾಕ್ಟರೆಂದರೆ ಮಾತ್ರೆ, ಮಾತ್ರೆಯೆಂದರೆ ಚಟ. ಆಸ್ಪತ್ರೆಯಲ್ಲಿ ಮೈಗೆ ತಂತಿ ಅಂಟಿಸಿ ಒಂದು ರಾತ್ರಿ ಮಲಗಿಸುತ್ತಾರಂತೆ ಎಂದರೆ, “ಮಲಗೋದಕ್ಕೂ ನಾವೇ ದುಡ್ಡು ಕೊಡಬೇಕಾ?” 2022ರಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ಆಸ್ಪತ್ರೆ ಹೇಳಿದ ಕಾರಣಗಳಲ್ಲಿ ಇದೇ ಕಾಯಿಲೆಯೂ ಇತ್ತು. ಆ ಸುದ್ದಿಯನ್ನು ಮನೆಯವರು ಜೋರಾಗಿಯೇ ಓದಿದರು. ರಾಯರು ಪೇಪರಿನ ಹಿಂದೆ ತೂಕಡಿಸುತ್ತಿದ್ದರು.

ಕೊನೆಗೆ ಹಾಳೆಯೊಂದನ್ನು ಕೊಟ್ಟವರು ಬಿ.ಪಿ. ನೋಡುವ ಡಾಕ್ಟರು. ಎರಡೆರಡು ಮಾತ್ರೆ ನುಂಗಿದರೂ ಬಿ.ಪಿ. ಇಳಿಯದಿದ್ದಾಗ ಅವರಿಗೆ ಗುಮಾನಿ ಬಂದಿತ್ತು. ಮೆಲ್ಬರ್ನಿನ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ ಎಪ್‌ವರ್ತ್ ಮಾಪಕ ಅದು: 8 ಸಂದರ್ಭ, ಒಂದೊಂದಕ್ಕೆ 0ಯಿಂದ 3 ಅಂಕ, ಮೊತ್ತ 10 ದಾಟಿದರೆ ಹಗಲಿನ ತೂಕಡಿಕೆ ಅತಿಯಾಯಿತೆಂದೇ ಲೆಕ್ಕ. ಓದುವಾಗ? ಸೊನ್ನೆ. ಟಿ.ವಿ. ಮುಂದೆ? ಸೊನ್ನೆ. ಊಟವಾದ ಮೇಲೆ ಸುಮ್ಮನೆ ಕೂತಾಗ? ಹೋಗಲಿ ಪಾಪ ಎಂದು 1.

ಪಕ್ಕದಲ್ಲೇ ಮನೆಯವರು ಇನ್ನೊಂದು ಹಾಳೆ ತುಂಬಿದರು. ಅವರ ಲೆಕ್ಕದಲ್ಲಿ 17. ರಾಯರು ಮೇಲಿಂದ ಕೆಳಕ್ಕೆ ಕೂಡಿದರು, ಕೆಳಗಿಂದ ಮೇಲಕ್ಕೆ ಕೂಡಿದರು. ತಪ್ಪು ಸಿಗಲಿಲ್ಲ.

“ಸರಿ, ಇದಕ್ಕೆಲ್ಲ ವೋಚರ್ ಎಲ್ಲಿ?”

ಮನೆಯವರು ಮೊಬೈಲ್ ಹೊರತೆಗೆದು, ಸದ್ದು ಪೂರ್ತಿ ಏರಿಸಿ, ಹಿಂದಿನ ರಾತ್ರಿಯ ರೆಕಾರ್ಡಿಂಗ್ ಒತ್ತಿದರು. ಡಾಕ್ಟರ ಕೋಣೆಯ ಹೊರಗೆ ಸಾಲಿನಲ್ಲಿ ಕೂತಿದ್ದವರೂ ತಲೆಯೆತ್ತಿದರು.