ಮುದ್ದೆನುಂಗು ಮೀಮಾಂಸೆ

ಪೂರ್ವಪಕ್ಷ: ಜೀರ್ಣಕ್ರಿಯೆ ಬಾಯಿಯಲ್ಲೇ ಶುರುವಾಗುತ್ತದೆಂಬುದು ಪಠ್ಯಪುಸ್ತಕಕಾರರ ಮತ. ಹಲ್ಲು ಅಗಿಯಬೇಕಂತೆ, ಜೊಲ್ಲಿನ ಅಮೈಲೇಸ್ ಪಿಷ್ಟವನ್ನು ಒಡೆಯಬೇಕಂತೆ. ಈ ಮತವನ್ನು ಯಲಹಂಕದ ಮಿಲಿಟರಿ ಹೋಟೆಲುಗಳಲ್ಲಿ ದಿನಾ ಮಧ್ಯಾಹ್ನ ಖಂಡಿಸಲಾಗುತ್ತದೆ. ಅಲ್ಲಿಯ ವಿದ್ವಾಂಸರು ರಾಗಿಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ಸುಳಿವೂ ಕೊಡದೆ ಗಂಟಲಿಗೆ ಇಳಿಸುತ್ತಾರೆ. ಹೊಸಬ ಯಾರಾದರೂ ದವಡೆ ಆಡಿಸಿದರೆ ಬಡಿಸುವ ಆಚಾರ್ಯರೇ ದೀಕ್ಷೆ ಕೊಡುತ್ತಾರೆ: “ಅಗೀಬೇಡ್ರಣ್ಣ, ನುಂಗ್ಬಿಡಿ.”

ಆಕ್ಷೇಪ: ಬಾಯಿ ರಜೆ ಹಾಕಿದರೆ ಅದರ ಕೆಲಸ ಯಾರ ತಲೆಗೆ?

ಸಮಾಧಾನ: ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ ತುತ್ತನ್ನು ಹಿಂಡಿ ಹಿಂಡಿ ಕೆಳಗೆ ದೂಡುತ್ತದೆ. ತಲೆಕೆಳಗಾಗಿ ನಿಂತು ನುಂಗಿದರೂ ದೂಡೀತು. ಸಾರು ಚೆಲ್ಲುವ ಭಯದಿಂದ ಆ ಪ್ರಯೋಗ ಕೈಬಿಡಲಾಗಿದೆ. ಜಠರ ಆಮ್ಲ ಸುರಿದು ಗಂಟೆಗಟ್ಟಲೆ ಕಡೆಯುತ್ತದೆ. ಅದರ ಕೆಳಬಾಗಿಲು ಒಂದೆರಡು ಮಿಲಿಮೀಟರಿಗೆ ಸಣ್ಣಗಾದ ಕಣಗಳನ್ನಷ್ಟೇ, ಅದೂ ಗುಟುಕು ಗುಟುಕಾಗಿ, ಮುಂದಕ್ಕೆ ಬಿಡುತ್ತದೆ. ಹೆಬ್ಬಾಳ ಫ್ಲೈಓವರಿನಲ್ಲಿ ಇಂಥ ಶಿಸ್ತು ಈವರೆಗೆ ವರದಿಯಾಗಿಲ್ಲ.

ಪಿಷ್ಟದ ನಿಜವಾದ ಸಂಹಾರ ಸಣ್ಣ ಕರುಳಿನಲ್ಲಿ. ಮೇದೋಜೀರಕ ಗ್ರಂಥಿ ಬೈಕಾರ್ಬನೇಟ್ ಸುರಿಸಿ ಆಮ್ಲದ ಸಿಟ್ಟಿಳಿಸಿ, ತನ್ನದೇ ಅಮೈಲೇಸ್ ಕಳಿಸುತ್ತದೆ. ಅಂದರೆ ಬಾಯಿಯ ಬಾಕಿ ಕಡತವೆಲ್ಲ ಇಲ್ಲಿ ವಿಲೇವಾರಿ. ಕರುಳಿನ ಗೋಡೆಯ ಕಿಣ್ವಗಳು ಉಳಿದ ತುಣುಕನ್ನು ಗ್ಲೂಕೋಸ್ ಮಾಡುತ್ತವೆ. ವಿಲ್ಲೈಗಳೆಂಬ ಕಿರುಬೆರಳುಗಳು ಅದನ್ನು ರಕ್ತಕ್ಕೆ ಸೇರಿಸಿ ಯಕೃತ್ತಿಗೆ ರವಾನಿಸುತ್ತವೆ. ನಾಟಿಕೋಳಿ ಸಾರಿನ ಮೇಲೆ ತೇಲುತ್ತಿದ್ದ ಎಣ್ಣೆಗೆ ಮಾತ್ರ ರಾಜಮರ್ಯಾದೆ: ಪಿತ್ತರಸದಲ್ಲಿ ಮಿಂದು, ಲೈಪೇಸ್‌ನಿಂದ ಒಡೆದು, ಬಹುಪಾಲು ರಕ್ತವನ್ನು ಬಿಟ್ಟು ದುಗ್ಧನಾಳದ ಸರ್ವಿಸ್ ರೋಡ್ ಹಿಡಿಯುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ವಿಜ್ಞಾನಿಗಳು ಜಿಪಿಯು-28ರಂಥ ರಾಗಿ ತಳಿ ಕೊಟ್ಟರು. ನುಂಗುವ ವಿಧಾನವನ್ನು ಮಾತ್ರ ಪಠ್ಯಕ್ರಮಕ್ಕೆ ಸೇರಿಸಲಿಲ್ಲ. ಇದು ಖೇದಕರ. ರಾಗಿಯ ನಾರು, ಸಿಪ್ಪೆಯ ಪಾಲಿಫಿನಾಲ್‌ಗಳು ಕಿಣ್ವಗಳ ಕೈ ಹಿಡಿದು ಎಳೆಯುವುದರಿಂದಲೇ ಮುದ್ದೆ ಉಂಡವನಿಗೆ ಸಂಜೆಯ ತನಕ ಬೋಂಡಾದಂಗಡಿ ಕಾಣಿಸುವುದಿಲ್ಲ.

ಇನ್ನು ಮುದ್ದೆಯ ಜೊತೆಗಿನ ಸಾರಿಗೆ ಬೀಳುವ ಹುರುಳಿ, ಅವರೆ. ಇವುಗಳಲ್ಲಿ ರ‍್ಯಾಫಿನೋಸ್ ಜಾತಿಯ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿಗಿಲ್ಲ. ಹಾಗೇ ದೊಡ್ಡ ಕರುಳಿಗೆ ಇಳಿದು ಬ್ಯಾಕ್ಟೀರಿಯಾಗಳ ಪಾಲಾಗಿ ಅನಿಲವಾಗುತ್ತವೆ. ಪ್ರಮಾಣ: ಅವರೆಕಾಯಿ ಕಾಲದಲ್ಲಿ ಯಲಹಂಕದಿಂದ ಮೆಜೆಸ್ಟಿಕ್‌ಗೆ ಹೊರಟ ಬಸ್ಸು. ಅಲ್ಲಿ ಘ್ರಾಣ, ಶ್ರವಣ ಎರಡೂ ಸಾಕ್ಷ್ಯ ಲಭ್ಯ. ಕರ್ತೃತ್ವದ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪ್ರತಿಯೊಬ್ಬರೂ ಪಕ್ಕದ ಸೀಟಿನವರ ಹೆಸರು ಸೂಚಿಸುತ್ತಾರೆ.