ಪೋರ್ಷನ್ ಮುಗೀಲಿ, ಆಮೇಲೆ ನೋಡೋಣ

ಸೆಕೆಂಡ್ ಪಿಯು ಸೈನ್ಸ್ ಓದುವ ಮಕ್ಕಳಿರುವ ಮನೆಯನ್ನು ಗುರುತಿಸುವುದು ಬಹಳ ಸುಲಭ. ಟೀವಿಗೆ ಬಟ್ಟೆ ಹೊದಿಸಿರುತ್ತಾರೆ. ಮದುವೆ ಕರೆಯೋಕೆ ಬಂದವರನ್ನು ಬಾಗಿಲಲ್ಲೇ ಪಿಸುಮಾತಿನಲ್ಲಿ ವಿಚಾರಿಸಿ ಕಳಿಸುತ್ತಾರೆ. ಮೇಜಿನ ಮೇಲೆ ಗಣಿತದ ಹಳೇ ಪ್ರಶ್ನೆಪತ್ರಿಕೆಗಳ ದಪ್ಪ ಪುಸ್ತಕವೊಂದು ಅಂಗಡಿಯಿಂದ ಬಂದ ಹೊಳಪಿನಲ್ಲೇ ಕೂತಿರುತ್ತದೆ. ತಂದದ್ದು ಅಪ್ಪ, ಜೂನ್ ತಿಂಗಳಲ್ಲಿ. ಬಿಡಿಸಬೇಕಾದದ್ದು ಮಗ. ಯಾವಾಗ ಅಂತ ಕೇಳಿದರೆ ಉತ್ತರ ಬಾಯಲ್ಲೇ ಇರುತ್ತದೆ: "ಪೋರ್ಷನ್ ಮುಗೀಲಿ ಅಪ್ಪಾ, ಆಮೇಲೆ ಶುರು ಮಾಡ್ತೀನಿ."

ಈ ಪೋರ್ಷನ್ ಅನ್ನುವುದು ರಿಲೇಷನ್ಸ್ ಅಂಡ್ ಫಂಕ್ಷನ್ಸ್‌ನಿಂದ ಪ್ರಾಬಬಿಲಿಟಿವರೆಗೆ 13 ಅಧ್ಯಾಯ. ಕಾಲೇಜಿನವರು ಅದನ್ನು ಹೇಗೋ ಮುಗಿಸುತ್ತಾರೆ, ಟ್ಯೂಷನ್ನಿನವರು ಅದಕ್ಕೂ ಮುಂಚೆ ಮುಗಿಸಿ ಮೀಸೆ ತಿರುವುತ್ತಾರೆ. ಆದರೆ ಮಗನ ತಲೆಯೊಳಗೆ ಮುಗಿಯಬೇಕಾದ ಪೋರ್ಷನ್ನೇ ಬೇರೆ. ಪ್ರಾಬಬಿಲಿಟಿಗೆ ಬರುವಷ್ಟರಲ್ಲಿ ಇನ್ವರ್ಸ್ ಟ್ರಿಗ್ನಾಮೆಟ್ರಿ ಮರೆತಿರುತ್ತದೆ. ಅದನ್ನು ಎಳೆದು ತರುವಷ್ಟರಲ್ಲಿ ವೆಕ್ಟರ್ ಪರಾರಿ. ಆ ಲೆಕ್ಕದಲ್ಲಿ ಪೋರ್ಷನ್ ಮುಗಿಸಿದವರು ಭೂಮಿಯ ಮೇಲೆ ಯಾರೂ ಇಲ್ಲ, ಪಾಠ ಹೇಳುವವರನ್ನೂ ಸೇರಿಸಿ. (ಲೆಕ್ಚರರ್‌ಗಳು ಬೇಜಾರು ಮಾಡ್ಕೋಬಾರದು.)

ಇನ್ನೊಂದು ಪಂಗಡವೂ ಉಂಟು. "ನಮ್ಮ ಹುಡುಗಿ ಜುಲೈಯಿಂದ್ಲೇ ವಾರಕ್ಕೊಂದು ಫುಲ್ ಪೇಪರ್ ಮಾಡ್ತಾಳೆ ರೀ" ಎಂದು ತರಕಾರಿ ಗಾಡಿಯ ಮುಂದೆ ಘೋಷಿಸಿ, ಇಡೀ ಬೀದಿಯ ರಾತ್ರಿ ಊಟ ಕೆಡಿಸುವವರು. ಆಕೆ ಕಲಿತಿರುವುದು ಎರಡು ಅಧ್ಯಾಯ. ಉಳಿದ ಪ್ರಶ್ನೆ ಬಂದಾಗೆಲ್ಲ ಗೈಡಿನ ಹಿಂದೆ ನೋಡಿ, "ಓ, ಹೀಗಾ!" ಎಂದು ದುಂಡಗೆ ಬರೆದಿಡುತ್ತಾಳೆ. ಅಕ್ಷರಾಭ್ಯಾಸಕ್ಕೆ ಒಳ್ಳೆಯದು. ಫೆಬ್ರವರಿಗೆ ಬಂದಾಗ ಒಂದೇ ಒಂದು ಹೊಸ ಪತ್ರಿಕೆ ಉಳಿದಿರುವುದಿಲ್ಲ. ಎಲ್ಲವೂ ಮದುವೆಮನೆಯಲ್ಲಿ ಸಿಗುವ ದೂರದ ನೆಂಟರು, ಮುಖ ಗೊತ್ತು, ಹೆಸರು ಬಾಯಿಗೆ ಬರದು.

ಜಗಳ ಈ ಎರಡು ಪಂಗಡದ ನಡುವೆ ಜೋರಾಗಿಯೇ ನಡೆಯುತ್ತದೆ. ನನಗೆ ಕಾಣುವ ಮಟ್ಟಿಗೆ ಇಬ್ಬರದೂ ಒಂದೇ ಮೂಢನಂಬಿಕೆ: ಪ್ರಶ್ನೆಪತ್ರಿಕೆ ಎಂದರೆ ಮೂರು ಗಂಟೆ ಕೂತು ತಲೆಯಿಂದ ಬಾಲದವರೆಗೆ ನುಂಗಬೇಕಾದ ವಸ್ತು ಅಂತ. ಹಾಗಂತ ಯಾವ ಬೋರ್ಡೂ ಹೇಳಿಲ್ಲ. ಹರಿಯಿರಿ ಸ್ವಾಮಿ ಅದನ್ನ! ಮೊದಲ ಅಧ್ಯಾಯ ಮುಗಿದ ವಾರದಿಂದಲೇ ಬಿಡಿ ಪ್ರಶ್ನೆ ಶುರುವಾಗಲಿ, ಇಡೀ ಪತ್ರಿಕೆ ಜನವರಿಗೆ ಕಾಯಲಿ. ಮ್ಯಾಟ್ರಿಸಸ್, ಡಿಟರ್ಮಿನೆಂಟ್ಸ್ ಮುಗಿದವೇ? ಐದಾರು ವರ್ಷದ ಪತ್ರಿಕೆಗಳಿಂದ ಆ ಎರಡರ ಪ್ರಶ್ನೆಗಳನ್ನಷ್ಟೇ ಹೆಕ್ಕಿ. ಮ್ಯಾಟ್ರಿಕ್ಸ್ ಮೆಥಡ್ಡಿನಲ್ಲಿ ಮೂರು ಸಮೀಕರಣ ಬಿಡಿಸುವ ಐದು ಅಂಕದ್ದು, ಸಿಮೆಟ್ರಿಕ್ ಮತ್ತು ಸ್ಕ್ಯೂ ಸಿಮೆಟ್ರಿಕ್ ಮೊತ್ತವಾಗಿ ಬರೆಯುವ ಮೂರು ಅಂಕದ್ದು, ಇವೆಲ್ಲ ವರ್ಷವರ್ಷವೂ ಅಂಗಿ ಬದಲಾಯಿಸಿಕೊಂಡು ಬರುವ ಹಳೇ ಗಿರಾಕಿಗಳು. ಇವರ ಜೊತೆ ಜುಲೈಯಲ್ಲೇ ಮಾತುಕತೆ ಆಗಿಬಿಟ್ಟರೆ ಮಾರ್ಚ್‌ನಲ್ಲಿ ಕೈ ನಡುಗುವುದಿಲ್ಲ.

ಆದರೆ ಒಂದು ಕಿತಾಪತಿ ಇದೆ. ಇಂಟಿಗ್ರಲ್ಸ್ ಅಧ್ಯಾಯದಲ್ಲಿ ಎಕ್ಸರ್ಸೈಜ್ 7.6 ಎಂದು ತಲೆಬರಹ ಇದ್ದರೆ ಮಗ ಲೆಕ್ಕ ಓದುವುದೇ ಇಲ್ಲ, ನೇರ ಬೈ ಪಾರ್ಟ್ಸ್ ಹಚ್ಚುತ್ತಾನೆ. 7.5 ಆದರೆ ಪಾರ್ಷಿಯಲ್ ಫ್ರ್ಯಾಕ್ಷನ್. ಇಪ್ಪತ್ತಕ್ಕೆ ಇಪ್ಪತ್ತು ಸರಿ, ಅಮ್ಮನಿಗೆ ಆನಂದಬಾಷ್ಪ. ಅದೇ ಲೆಕ್ಕ ಪ್ರಶ್ನೆಪತ್ರಿಕೆಯಲ್ಲಿ ಮನೆ ನಂಬರಿಲ್ಲದೆ ಬಂದು ನಿಂತರೆ, ಸಬ್‌ಸ್ಟಿಟ್ಯೂಷನ್ನೋ, ಬೈ ಪಾರ್ಟ್ಸೋ, ಟ್ರಿಗ್ನಾಮೆಟ್ರಿ ಐಡೆಂಟಿಟಿಯೋ ಎಂದು ಪೆನ್ನಿನ ತುದಿ ಕಚ್ಚುತ್ತಾ ಹತ್ತು ನಿಮಿಷ. ಲೆಕ್ಕ ಮಾಡುವುದು ಬರುತ್ತದೆ, ಯಾವ ಲೆಕ್ಕ ಅನ್ನುವುದು ಗೊತ್ತಾಗುವುದಿಲ್ಲ.

ಇದನ್ನು ಅಮೆರಿಕದ ಸಂಶೋಧಕರಾದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಅಂಕಿಯಲ್ಲೇ ತೋರಿಸಿದ್ದಾರೆ. ಕಾಲೇಜು ಹುಡುಗರಿಗೆ ನಾಲ್ಕು ವಿಚಿತ್ರ ಘನಾಕೃತಿಗಳ ಗಾತ್ರ ಕಂಡುಹಿಡಿಯಲು ಕಲಿಸಿದರು. ಒಂದು ಗುಂಪಿಗೆ ಒಂದೊಂದು ಬಗೆಯ ಲೆಕ್ಕ ಸಾಲಾಗಿ, ಇನ್ನೊಂದಕ್ಕೆ ಎಲ್ಲ ಕಲಸಿ. ಅಭ್ಯಾಸದ ಹೊತ್ತಲ್ಲಿ ಸಾಲಾಗಿ ಮಾಡಿದವರು ಶೇ. 89 ಸರಿ, ಕಲಸಿ ಮಾಡಿದವರು ಶೇ. 60. ಇಲ್ಲಿಗೇ ನಿಲ್ಲಿಸಿದ್ದರೆ ಟ್ಯೂಷನ್ನಿನವರು ಬೋರ್ಡು ಬರೆಸಿ ಹಾಕಿಬಿಡುತ್ತಿದ್ದರು. ಒಂದು ವಾರ ಬಿಟ್ಟು ಪರೀಕ್ಷೆ ಇಟ್ಟರು ನೋಡಿ: ಸಾಲಿನವರು ಶೇ. 20ಕ್ಕೆ ಇಳಿದರು, ಕಲಸಿದವರು ಶೇ. 63.

ಹೀಗೆ ಕಲಸಿಟ್ಟ ಲೆಕ್ಕ ನಮ್ಮ ಪಠ್ಯಪುಸ್ತಕದಲ್ಲೇ ಉಂಟು. ಹೆಚ್ಚಿನ ಅಧ್ಯಾಯಗಳ ಕೊನೆಗೆ ಮಿಸಲೇನಿಯಸ್ ಎಕ್ಸರ್ಸೈಜ್ ಅಂತ ಇರುತ್ತದಲ್ಲ, "ಅದು ಬಿಡ್ರಿ, ಬರಲ್ಲ" ಎಂದು ಕ್ಲಾಸಿಗೆ ಕ್ಲಾಸೇ ಹಾರಿ ದಾಟುವ ಹಳ್ಳ, ಅದೇ. ಮಿಡ್‌ಟರ್ಮ್ ಹೊತ್ತಿಗೆ ಅದಕ್ಕೊಮ್ಮೆ ಇಳಿದು, ಹಳೇ ಪತ್ರಿಕೆಯ ಮೂರ್ನಾಲ್ಕು ಅಧ್ಯಾಯದ ಪ್ರಶ್ನೆಗಳನ್ನೂ ಕಲಸಿಕೊಂಡರೆ ಗಂಡಾಂತರ ಅರ್ಧ ಕಳೆಯಿತು.

ಇನ್ನು ಫುಲ್ ಪೇಪರ್. ಕಾಲೇಜಿನ ಪ್ರಿಪರೇಟರಿ ಪರೀಕ್ಷೆಯ ಆಸುಪಾಸಿನಲ್ಲಿ ಶುರುಮಾಡಿ ವಾರಕ್ಕೊಂದು ಸಾಕು. ಅದಕ್ಕಿಂತ ಹೆಚ್ಚು ಮಾಡಿದರೆ ತಪ್ಪು ತಿದ್ದಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ, ಅದೇ ತಪ್ಪನ್ನು ಹೊಸ ಹಾಳೆಯ ಮೇಲೆ ಮಾಡಿದ್ದಾಗುತ್ತದೆ. ಯಾವ ಪತ್ರಿಕೆ ಅನ್ನುವುದೂ ಮುಖ್ಯ. 2024ರಿಂದ ಗಣಿತದ ಲಿಖಿತ ಪತ್ರಿಕೆ 80 ಅಂಕ, ಉಳಿದ 20 ಕಾಲೇಜಿನ ಕೈಯಲ್ಲಿ. ಅದಕ್ಕೂ ಹಿಂದಿನವು 100 ಅಂಕದವು. ಗಡಿಯಾರ ಇಟ್ಟುಕೊಂಡು ಅವುಗಳ ಮುಂದೆ ಕೂತರೆ ವೇಳೆಯ ಲೆಕ್ಕವೇ ತಪ್ಪುತ್ತದೆ, ಅವು ಹರಿಯುವುದಕ್ಕೇ ಲಾಯಕ್ಕು. ಸಾಲದ್ದಕ್ಕೆ ಅವುಗಳಲ್ಲಿ ಬೈನಾಮಿಯಲ್ ಡಿಸ್ಟ್ರಿಬ್ಯೂಷನ್, ತ್ರೀಡಿಯಲ್ಲಿ ಪ್ಲೇನ್ ಇತ್ಯಾದಿ ಪ್ರೇತಗಳು ಓಡಾಡುತ್ತವೆ. ಸಿಲಬಸ್ಸಿನಿಂದ ಎದ್ದುಹೋದ ಪ್ಲೇನಿನ ಸಮೀಕರಣಕ್ಕಾಗಿ ರಾತ್ರಿ ಹನ್ನೊಂದಕ್ಕೆ ಟ್ಯೂಷನ್ ಸರ್‌ಗೆ ಫೋನು ಹಚ್ಚಿದ ಅಪ್ಪಂದಿರಿದ್ದಾರೆ. ಇತ್ತೀಚಿನ ಎರಡು ಪತ್ರಿಕೆ, ಬೋರ್ಡಿನ ಮಾದರಿ ಪತ್ರಿಕೆ, ಇಷ್ಟನ್ನು ಮಾತ್ರ ಅಮ್ಮನ ಬೀರುವಿನಲ್ಲಿ ಒಡವೆ ಜೊತೆ ಇಟ್ಟು ಬೀಗ ಹಾಕಿ. ಫೆಬ್ರವರಿಗೆ ಬೇಕಾಗುತ್ತವೆ.

ಮೂರು ಗಂಟೆ ಅಂದರೆ ಮೂರೇ ಗಂಟೆ. ಮನೆಯಲ್ಲಿ ಮಾಡುವ ಪರೀಕ್ಷೆಗೆ ಅರ್ಧ ಗಂಟೆಗೊಮ್ಮೆ ಇಂಟರ್ವಲ್ಲು. "ಎರಡೇ ದೋಸೆ ತಿಂದು ಬರಿ ಕಂದಾ" ಎಂದು ಅಮ್ಮ. "ಅಷ್ಟೊಂದು ಬರೀಬ್ಯಾಡ, ಕಣ್ಣು ಹೋಗ್ತದೆ" ಎಂದು ಅಜ್ಜಿ. ಎಲ್‌ಪಿಪಿಗೆ ಗ್ರಾಫ್ ಹಾಳೆ ಹುಡುಕುತ್ತಾ ಹೋದವನು ಮೊಬೈಲ್ ಹಿಡಿದುಕೊಂಡು ವಾಪಸು.

ಮೌಲ್ಯಮಾಪನದ ದಿನವಂತೂ ಜಗತ್ತಿನಲ್ಲಿ ಇಷ್ಟು ಕರುಣಾಳು ಪರೀಕ್ಷಕರು ಇರಲಾರರು. "ಮೆಥಡ್ ಸರಿ ಇದೆ, ಉತ್ತರ ಮಾತ್ರ ಸಿಲ್ಲಿ ಮಿಸ್ಟೇಕ್ ಅಂಕಲ್, ಅದಕ್ಕೆ ಫುಲ್ ಮಾರ್ಕ್ಸ್ ಹಾಕ್ಕೊಂಡೆ." ಈ ರಾಜ್ಯದಲ್ಲಿ ಗಣಿತ ಬರದೆ ಅಂಕ ಕಳೆದುಕೊಂಡ ಒಬ್ಬ ವಿದ್ಯಾರ್ಥಿಯೂ ನನಗೆ ಈವರೆಗೆ ಸಿಕ್ಕಿಲ್ಲ, ಎಲ್ಲರದೂ ಸಿಲ್ಲಿ ಮಿಸ್ಟೇಕೇ. ಬೋರ್ಡಿನ ಸ್ಕೀಮ್ ಆಫ್ ವ್ಯಾಲ್ಯುಯೇಷನ್ ಮುಂದಿಟ್ಟುಕೊಂಡರೆ ಯಾವ ಸ್ಟೆಪ್ಪಿಗೆ ಎಷ್ಟು ಅಂತ ಬಿಡಿಬಿಡಿಯಾಗಿ ಇರುತ್ತದೆ. ಅದರಲ್ಲಿ ಕರುಣೆಗೆ ಜಾಗ ಕೊಟ್ಟಿಲ್ಲ. ಪಕ್ಕದ ಬೆಂಚಿನ ಗೆಳೆಯನ ಕೈಲಿ ತಿದ್ದಿಸಿದರೆ ಇನ್ನೂ ವಾಸಿ, ಅವನಿಗೆ ನಿಮ್ಮ ಮೇಲೆ ಅಷ್ಟು ಪ್ರೀತಿ ಇರುವುದಿಲ್ಲ.

ಸಿಇಟಿ ತಾಲೀಮು ಬೇರೆಯೇ ಕಥೆ. 60 ಪ್ರಶ್ನೆ, 80 ನಿಮಿಷ, ಒಂದಕ್ಕೆ ಎಂಬತ್ತು ಸೆಕೆಂಡು. ಅಲ್ಲಿ ಸ್ಟೆಪ್ಪೂ ಇಲ್ಲ, ಸ್ಕೀಮೂ ಇಲ್ಲ.

ಇಷ್ಟೆಲ್ಲ ಉಪದೇಶವನ್ನು ಕೂರಿಸಿಕೊಂಡು ಹೇಳಿದರೆ ಈಗಿನ ಹುಡುಗರು ನಗುತ್ತಾರೆ. 2024ರಿಂದ ಬೋರ್ಡು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ, ಹೆಚ್ಚು ಬಂದ ಅಂಕ ನಿಮ್ಮದೇ. ನಮ್ಮ ಬೀದಿಯ ಒಬ್ಬ ಮಹಾನುಭಾವ ಮೊನ್ನೆ ಕೈಕಟ್ಟಿ ಅಪ್ಪನಿಗೆ ವಿವರಿಸುತ್ತಿದ್ದ: "ಮಾಡೆಲ್ ಪೇಪರ್ ಎಲ್ಲ ಯಾಕಪ್ಪಾ? ಎಕ್ಸಾಂ 1 ಇದೆಯಲ್ಲ, ಪ್ರಾಕ್ಟೀಸಿಗೆ."

"ಎಕ್ಸಾಂ 2?"

"ಅದು ರಿವಿಷನ್ನು."

"ಮತ್ತೆ ಓದೋದು ಯಾವಾಗೋ?"

"ಪೋರ್ಷನ್ ಮುಗೀಲಿ ಅಪ್ಪಾ."