'ಕೆ' ಸೇರಿಸಿದರೆ ಕಾಫಿ ಬರುತ್ತದೆಯೇ?

ಮಗಳು ಸ್ಪ್ಯಾನಿಷ್ ತೆಗೆದುಕೊಂಡದ್ದು ಮಾರ್ಕಿಗೆ; ನಾನು ಅವಳ ಪುಸ್ತಕ ಎತ್ತಿಕೊಂಡದ್ದು ಗತ್ತಿಗೆ. ಮುಂಬಯಿಯ ಸಾಂತಾಕ್ರೂಜ್ ಪೂರ್ವದ ನಮ್ಮ ಬಿಲ್ಡಿಂಗಿನಲ್ಲಿ ತುಳು, ಕನ್ನಡ, ಮರಾಠಿ, ಹಿಂದಿ, ಗುಜರಾತಿ ಎಲ್ಲ ಕಲಸಿ ಮಾತಾಡುವವನಿಗೆ ಇನ್ನೊಂದು ಭಾಷೆ ಯಾವ ಮಹಾ! ಆದರೆ ಆಸೆ, ಭಾವನೆ ಹೇಳುವ ಸಬ್ಜಂಕ್ಟಿವ್ ಎಂಬ ಪಾಠದಲ್ಲಿ ಗಾಡಿ ಕೆಟ್ಟು ನಿಂತಿತು.

ಸಂಗತಿ ಇಷ್ಟೇ. ನನಗೆ ಕಾಫಿ ಕುಡಿಯಬೇಕು ಅನ್ನಲು 'ಕಿಯೆರೊ ಬೆಬೆರ್ ಕಫೆ'. ಸಲೀಸು. ಆ ಕಾಫಿಯನ್ನು ಇನ್ನೊಬ್ಬರು ಮಾಡಿಕೊಡಬೇಕು ಅಂದಕೂಡಲೇ ನಡುವೆ ಒಂದು 'ಕೆ' ನುಗ್ಗುತ್ತದೆ, ಕ್ರಿಯಾಪದ ವೇಷ ಬದಲಿಸುತ್ತದೆ: 'ಕಿಯೆರೊ ಕೆ ಆಗಸ್ ಕಫೆ'. ಅಭ್ಯಾಸಕ್ಕೆಂದು ನನ್ನ ದಿನಚರಿಯನ್ನೇ ಬರೆಯಲು ಕೂತೆ. ಅಂಗಿಯ ಇಸ್ತ್ರಿ, ಬಂಗುಡೆ ಗಸಿ, ಕಳೆದುಹೋದ ಕನ್ನಡಕ, ಒಂದೂ 'ಕೆ' ಇಲ್ಲದೆ ಮುಂದೆ ಹೋಗಲಿಲ್ಲ. 'ಕೆ' ಬೇಡದ ವಾಕ್ಯ ಸಿಕ್ಕಿದ್ದು 'ಕಿಯೆರೊ ದೊರ್ಮಿರ್' ಮಾತ್ರ. ನನಗೆ ಮಲಗಬೇಕು.

ಅಡುಗೆಮನೆಯಿಂದಲೇ ಕೇಳಿಸಿಕೊಂಡ ಹೆಂಡತಿ ನನಗಿಂತ ಬೇಗ ಕಲಿತಳು. "ಕಿಯೆರೊ ಕೆ ಲಾವೆಸ್ ಲೊಸ್ ಪ್ಲಾತೋಸ್" ಅಂದಳು. ತಟ್ಟೆಗಳನ್ನು ತೊಳೆಯಬೇಕಂತೆ. ತೊಳೆದೆ. ಈಗ ಸಂತೋಷ ಹೇಳುವ ಸರದಿ, "ಮೆ ಅಲೆಗ್ರಾ ಕೆ..." ಎಂದು ಶುರು ಮಾಡಿದಳು. ಮಗಳು ನಡುವೆ ಬಾಯಿ ಹಾಕಿದಳು: "ಅಮ್ಮಾ, ಖುಷಿ, ಬೇಜಾರು ಹೇಳುವಾಗ ಕೆಲಸ ಆಗಿಹೋಗಿದ್ದರೂ ಸಬ್ಜಂಕ್ಟಿವೇ ಬೇಕು."

ಹೆಂಡತಿ ಒಂದು ತಟ್ಟೆಯ ಅಡಿ ತಿರುಗಿಸಿ, ಅಲ್ಲಿದ್ದ ಗಸಿಯ ಜಿಡ್ಡನ್ನು ಬೆರಳಿನಿಂದ ಗೀರಿ ತೋರಿಸಿದಳು. "ಸರಿಯೇ ಉಂಟು ಮಾರಾಯ್ರೆ. ನೀವು ತೊಳೆದದ್ದನ್ನು ವ್ಯಾಕರಣವೂ ನಂಬುವುದಿಲ್ಲ."

ನಂಬಿಕೆಗೂ ನಿಯಮವಿದೆ. 'ಕ್ರೆಯೊ ಕೆ', ಅಂದರೆ ನಂಬುತ್ತೇನೆ ಅಂದರೆ, ಕ್ರಿಯಾಪದ ಮಾಮೂಲಿ. 'ನೊ ಕ್ರೆಯೊ ಕೆ' ಅಂದರೆ ಮತ್ತೆ ವೇಷ. ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿರುವುದು ಎರಡನೆಯದು.

ಹಾರೈಕೆಗೆ 'ಓಹಲಾ' ಎಂಬ ಪದವಿದೆ, ಅರಬ್ಬಿಯಿಂದ ಸ್ಪೇನಿಗೆ ಹೋದದ್ದು. ಅದರ ಬೆನ್ನಿಗೂ ಸಬ್ಜಂಕ್ಟಿವ್. ಜುಲೈಯಲ್ಲಿ ಬಾಲ್ಕನಿಯಲ್ಲಿ ನಿಂತು 'ಓಹಲಾ ನೊ ಯುವೇವಾ', ಮಳೆ ಬಾರದಿರಲಿ, ಎಂದು ಬೇಡಿಕೊಳ್ಳುತ್ತೇನೆ. 2005ರ ಜುಲೈ 26ರ ಮಳೆಯಲ್ಲಿ ಇಲ್ಲಿನ ಹವಾಮಾನ ಕೇಂದ್ರ 24 ಗಂಟೆಗೆ 944 ಮಿ.ಮೀ. ಅಳೆದ ಊರು ಇದು. ಮಳೆಗೆ ಮುಳುಗುವ ನಮ್ಮ ಮಿಲನ್ ಸಬ್‌ವೇಗೆ ಯಾವ ಭಾಷೆಯ ಹಾರೈಕೆಯೂ ನಾಟುವುದಿಲ್ಲ.

ಸ್ಪ್ಯಾನಿಷ್ ಕಲಿಯಲು ಹೊರಟ ಗಂಡಂದಿರೇ, ಮೊದಲು 'ಕೆ' ಇಲ್ಲದ ವಾಕ್ಯಗಳನ್ನು ರೂಢಿ ಮಾಡಿಕೊಳ್ಳಿ. ಹಾಲು ಫ್ರಿಜ್ಜಿನಲ್ಲಿದೆ, ಕಾಫಿಪುಡಿ ಸಕ್ಕರೆ ಡಬ್ಬಿಯ ಪಕ್ಕದಲ್ಲಿ.